ಬಾರದ ಬಿಸಿಯ ಲೆಕ್ಕ

1971ರ ನವೆಂಬರ್ 14ರಂದು ಅಮೆರಿಕದ ಮ್ಯಾರಿನರ್-9 ನೌಕೆ ಮಂಗಳನ ಕಕ್ಷೆ ಸೇರಿತು. ಭೂಮಿಯಲ್ಲದ ಇನ್ನೊಂದು ಗ್ರಹವನ್ನು ಸುತ್ತಿದ ಮೊದಲ ನೌಕೆ ಅದು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಚಿತ್ರಗಳಿಗಾಗಿ ಕಾದು ಕುಳಿತವರ ಮುಂದೆ ಮೂಡಿದ್ದು ಒಂದು ಬೋಳು ಗುಂಡು. ಗುಡ್ಡವಿಲ್ಲ, ಕಣಿವೆಯಿಲ್ಲ, ಕುಳಿಯ ಸುಳಿವಿಲ್ಲ. ಮಸುಕಿನ ನಡುವೆ ನಾಲ್ಕು ಕಪ್ಪು ಚುಕ್ಕೆಗಳು ಮಾತ್ರ. ಸೆಪ್ಟೆಂಬರಿನಲ್ಲಿ ಎದ್ದ ಧೂಳಿನ ಬಿರುಗಾಳಿ ಗ್ರಹಕ್ಕೆ ಗ್ರಹವನ್ನೇ ಮುಸುಕಿತ್ತು. ಆ ಚುಕ್ಕೆಗಳು ಧೂಳಿನ ಮೇಲೆ ತಲೆ ಎತ್ತಿ ನಿಂತ ಭಾರಿ ಜ್ವಾಲಾಮುಖಿಗಳ ನೆತ್ತಿ ಎಂದು ಗೊತ್ತಾದದ್ದು ಆಮೇಲೆ.

ಅದರ ಬೆನ್ನಿಗೇ, ಮೂರು ವಾರದೊಳಗೆ, ಸೋವಿಯತ್ ಒಕ್ಕೂಟದ ಎರಡು ನೌಕೆಗಳೂ ಅಲ್ಲಿಗೆ ಬಂದವು. ಅವುಗಳಿಗೆ ಕೊಟ್ಟ ಆದೇಶಗಳನ್ನು ದಾರಿಯಲ್ಲಿ ಬದಲಿಸುವಂತಿರಲಿಲ್ಲ. ಬಿರುಗಾಳಿಯೊಳಕ್ಕೇ ಇಳಿನೌಕೆಗಳನ್ನು ಬಿಟ್ಟವು. ಒಂದು ಅಪ್ಪಳಿಸಿತು, ಇನ್ನೊಂದು ನೆಲ ಮುಟ್ಟಿ ಸಂಕೇತ ಕಳಿಸತೊಡಗಿದ ಇಪ್ಪತ್ತು ಸೆಕೆಂಡಿನೊಳಗೆ ಮೌನವಾಯಿತು. ಮ್ಯಾರಿನರ್-9ರ ಕಂಪ್ಯೂಟರಿಗೆ ಹೊಸ ಆದೇಶ ಕೊಡಬಹುದಿತ್ತು. ಧೂಳು ಇಳಿಯುವ ತನಕ ಕಾಯಿ ಎಂದರು. ಅದು ಕಾಯಿತು.

ಕ್ಯಾಮೆರಾ ಕಾಯುತ್ತಿದ್ದಾಗ ಅದೇ ನೌಕೆಯ ಇನ್ನೊಂದು ಉಪಕರಣಕ್ಕೆ ಮೈತುಂಬ ಕೆಲಸ. ಅದರ ಹೆಸರು ಐರಿಸ್. ಗೊಡಾರ್ಡ್ ಬಾಹ್ಯಾಕಾಶ ಕೇಂದ್ರದ ರುಡಾಲ್ಫ್ ಹಾನೆಲ್ ಮತ್ತು ಸಂಗಡಿಗರು ಕಟ್ಟಿದ್ದು. ಅದು ನೋಡುತ್ತಿದ್ದುದು ಬೆಳಕನ್ನಲ್ಲ, ಗ್ರಹದಿಂದ ಹೊರಡುವ ಶಾಖವನ್ನು. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಎಳೆ ಎಳೆಯಾಗಿ ಬಿಡಿಸಿ ಓದುತ್ತಿತ್ತು. ಆ ಓದಿನಲ್ಲಿ 9 ಮೈಕ್ರೊಮೀಟರ್ ಮತ್ತು 20 ಮೈಕ್ರೊಮೀಟರ್ ಆಸುಪಾಸಿನಲ್ಲಿ ಎರಡು ಅಗಲವಾದ ತಗ್ಗುಗಳು ಕಂಡವು. ಸಿಲಿಕೇಟ್ ಕಲ್ಲಿನ ಪುಡಿ ಶಾಖವನ್ನು ನುಂಗುವ ಜಾಗಗಳು ಅವು. ಮಂಗಳನ ಗಾಳಿಯಲ್ಲಿ ತೇಲುತ್ತಿರುವ ಧೂಳಿನಲ್ಲಿ ನೂರಕ್ಕೆ ಸುಮಾರು 60 ಪಾಲು ಸಿಲಿಕಾ ಇದೆ ಎಂದು 1972ರಲ್ಲಿ ಹಾನೆಲ್ ತಂಡ ಬರೆಯಿತು. ಒಂದು ಚಿಟಿಕೆ ಧೂಳನ್ನೂ ಮುಟ್ಟದೆ, ಅದು ಯಾವ ಕಲ್ಲಿನದು ಎಂದು ಹೇಳಿಬಿಟ್ಟಿದ್ದರು. ಕ್ಯಾಮೆರಾದವರ ಪಾಲಿಗೆ ವಕ್ಕರಿಸಿದ್ದ ಶನಿ ಇವರ ಪಾಲಿಗೆ ಹಬ್ಬವಾಯಿತು.

ನಮ್ಮ ಭೂಮಿಯ ಮರುಭೂಮಿಗಳ ಧೂಳನ್ನು ಆಕಾಶದಿಂದ ಅಳೆಯಲು ಕಲಿತ ಕಥೆಯಲ್ಲೂ ಇದೇ ಮತ್ತೆ ಮತ್ತೆ ನಡೆದಿದೆ. ಧೂಳನ್ನೇ ಹುಡುಕಿಕೊಂಡು ಹೊರಟವರು ಕಡಿಮೆ. ಧೂಳಿನಿಂದ ತಮ್ಮ ಕೆಲಸ ಕೆಟ್ಟವರು, ಅದನ್ನು ಲೆಕ್ಕದಿಂದ ಕಳೆಯಲು ಹೊರಟವರು, ಕಡೆಗೆ ಅದರ ಅಳತೆಗೋಲನ್ನು ಕೈಗೆ ಕೊಟ್ಟು ಹೋದರು.

ಧೂಳಿನ ಕಥೆ ಹೇಳುವವರೆಲ್ಲ ಡಾರ್ವಿನ್‌ನಿಂದ ಶುರುಮಾಡುತ್ತಾರೆ. ನಾನು ಮಂಗಳನಿಂದ ಶುರುಮಾಡಿದೆನಾದರೂ ಡಾರ್ವಿನ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1832ರ ಜನವರಿ 16ರಂದು ಬೀಗಲ್ ಹಡಗು ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳ ಪೋರ್ಟೊ ಪ್ರಾಯಾದಲ್ಲಿ ಲಂಗರು ಹಾಕಿತು. ಗಾಳಿಯೆಲ್ಲ ಮಬ್ಬು. ಕೈಗೂ ಸಿಕ್ಕದಷ್ಟು ನಯವಾದ ಕಂದು ಧೂಳು ಉದುರುತ್ತಿತ್ತು. ಹಡಗಿನಲ್ಲಿದ್ದ ಖಗೋಳ ಉಪಕರಣಗಳಿಗೆ ಅದರಿಂದ ಕೊಂಚ ಹಾನಿಯೂ ಆಗಿತ್ತು. (ಇಲ್ಲೂ ಧೂಳು ಮೊದಲು ಬಂದದ್ದು ಉಪದ್ರವವಾಗಿಯೇ.) ಇಪ್ಪತ್ತೆರಡರ ಡಾರ್ವಿನ್ ಪಟಸ್ತಂಭದ ತುದಿಯ ಗಾಳಿಸೂಚಿಯ ತೆಳುಬಟ್ಟೆಗೆ ಅಂಟಿದ ಧೂಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿಟ್ಟುಕೊಂಡ. ಅದು, ಅದರ ಜೊತೆಗೆ ಬೇರೆ ಹಡಗಿನಿಂದ ಸಿಕ್ಕ ನಾಲ್ಕು ಪೊಟ್ಟಣಗಳು, ಬರ್ಲಿನ್ನಿನ ಎಹ್ರೆನ್‌ಬರ್ಗ್ ಎಂಬ ಸೂಕ್ಷ್ಮಜೀವಿ ತಜ್ಞನ ಬಳಿಗೆ ಹೋದವು. ಸೂಕ್ಷ್ಮದರ್ಶಕದ ಕೆಳಗೆ ಅವನು 67 ಬಗೆಯ ಜೀವರೂಪಗಳನ್ನು ಎಣಿಸಿದ. ಎರಡನ್ನು ಬಿಟ್ಟರೆ ಮಿಕ್ಕವೆಲ್ಲ ಸಿಹಿನೀರಿನವು.

ಸಹಾರಾ ಕಡೆಯಿಂದ ಬೀಸುವ ಗಾಳಿಯಲ್ಲಿ ಕೆರೆಯ ಜೀವಿಗಳು ಎಲ್ಲಿಂದ? ಡಾರ್ವಿನ್ 1846ರಲ್ಲಿ ಈ ಧೂಳಿನ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದ. ಒಗಟು ಹಾಗೇ ಉಳಿಯಿತು. ಅದರ ಗಂಟು ಬಿಚ್ಚಲು ಬೇಕಾದ ಜಾಗ ಚಾಡ್ ದೇಶದ ನಡುವೆ ಇತ್ತು. ಅದಕ್ಕೆ ಮತ್ತೆ ಬರುತ್ತೇನೆ.

ಬೀಗಲ್ ಲಂಗರು ಹಾಕಿದ ದಿನದಿಂದ ನೂರಮೂವತ್ತು ವರ್ಷ ದಾಟಿದರೆ 1965. ಅಟ್ಲಾಂಟಿಕ್‌ನ ಆಚೆ ದಡಕ್ಕೆ ಹತ್ತಿರವಿರುವ ಬಾರ್ಬಡೋಸ್ ದ್ವೀಪ. ಅಲ್ಲಿನ ಪೂರ್ವ ತೀರದಲ್ಲಿ ಕೆಲವರು ನೈಲಾನ್ ಬಲೆ ಕಟ್ಟಿ ಕುಳಿತಿದ್ದರು. ಅವರಿಗೆ ಬೇಕಿದ್ದುದು ಬಾಹ್ಯಾಕಾಶದಿಂದ ಉದುರುವ ಧೂಳು. ಸಾವಿರಾರು ಕಿಲೋಮೀಟರ್ ಬರೀ ಸಮುದ್ರದ ಮೇಲೆ ಬರುವ ಗಾಳಿ ಎಲ್ಲಕ್ಕಿಂತ ಶುದ್ಧವಾಗಿರುತ್ತದೆ ಎಂಬ ನಂಬಿಕೆ. ಬಲೆ ತುಂಬಿದ್ದು ಕೆಂಗಂದು ಮಣ್ಣು. ಆಫ್ರಿಕಾದ ಮಣ್ಣು. ಮಯಾಮಿ ವಿಶ್ವವಿದ್ಯಾಲಯದ ಜೋಸೆಫ್ ಪ್ರಾಸ್ಪೆರೊ ಆ ಕೆಲಸವನ್ನು ಕೈಗೆತ್ತಿಕೊಂಡು ದಶಕಗಟ್ಟಲೆ ಬಿಡದೆ ನಡೆಸಿದರು. ಧೂಳಿನ ಬಗ್ಗೆ ಜಗತ್ತಿನಲ್ಲೇ ಅತಿ ದೀರ್ಘವಾದ ದಾಖಲೆಗಳಲ್ಲಿ ಅದೂ ಒಂದು. 1970ರ ಮತ್ತು 80ರ ದಶಕಗಳಲ್ಲಿ ಸಹಾರಾದ ದಕ್ಷಿಣದ ಸಾಹೆಲ್ ಸೀಮೆ ಬರಗಾಲದಲ್ಲಿ ಬೆಂದಾಗ ಬಾರ್ಬಡೋಸಿನ ಬಲೆಯಲ್ಲಿ ಧೂಳು ಏರಿತು. ಅಲ್ಲಿ ದನ ಸತ್ತ ವರ್ಷದ ಲೆಕ್ಕ ಇಲ್ಲಿ, ಸಾಗರದ ಆಚೆ, ಬಟ್ಟೆಯ ಮೇಲೆ ಬರೆದಂತೆ ಇತ್ತು.

1972ರಲ್ಲಿ ಪ್ರಾಸ್ಪೆರೊ ಮತ್ತು ಟೋಬಿ ಕಾರ್ಲ್ಸನ್ ಈ ಧೂಳಿನ ದಾರಿಯನ್ನು ವಿವರಿಸಿದರು. ನೆಲದ ಹತ್ತಿರದ ತಂಪು ಗಾಳಿಯ ಮೇಲೆ, ಸುಮಾರು ಒಂದೂವರೆ ಕಿಲೋಮೀಟರಿನಿಂದ ಐದಾರು ಕಿಲೋಮೀಟರ್ ಎತ್ತರದ ತನಕ, ಒಣಗಿದ ಬಿಸಿ ಗಾಳಿಯ ಒಂದು ಪದರ ಧೂಳನ್ನು ಹೊತ್ತು ವಾರದೊಳಗೆ ಸಾಗರ ದಾಟುತ್ತದೆ. ವಿಮಾನ, ಬಲೂನು, ಬಲೆ ಎಲ್ಲ ಸೇರಿ ಇದನ್ನು ಹೇಳಿದ್ದವು. ಕಪ್ಪು ಸಮುದ್ರದ ಮೇಲೆ ಬಿಳಿಚಾದ ನಾಲಗೆಯ ಹಾಗೆ ಚಾಚಿಕೊಂಡ ಧೂಳನ್ನು ಉಪಗ್ರಹಗಳ ಕ್ಯಾಮೆರಾಗಳೂ ತೋರಿಸುತ್ತಿದ್ದವು.

ತೊಡಕು ಇದ್ದುದು ದಡ ಹತ್ತಿದ ಮೇಲೆ. ಮರಳಿನ ಬಣ್ಣದ ಧೂಳು ಮರಳಿನ ಮೇಲೆಯೇ ತೇಲುತ್ತಿದ್ದರೆ ಯಾವ ಕ್ಯಾಮೆರಾ ತಾನೇ ಏನು ಕಂಡೀತು? ಸುಣ್ಣ ಬಳಿದ ಗೋಡೆಯ ಮೇಲೆ ಸುಣ್ಣದ ಚುಕ್ಕೆ ಹುಡುಕಿದಂತೆ. ಹೋದ ಧೂಳು ಕಾಣುತ್ತಿತ್ತು, ಹುಟ್ಟುವ ಧೂಳು ಕಾಣುತ್ತಿರಲಿಲ್ಲ. ರಾತ್ರಿಯಂತೂ ಕೇಳುವುದೇ ಬೇಡ.

ಮಲೆನಾಡಿನ ಬಚ್ಚಲ ಒಲೆಯ ಮುಂದೆ ಚಳಿಗಾಲದ ಮುಂಜಾನೆ ಕಣ್ಣು ಮುಚ್ಚಿ ಕುಳಿತವರಿಗೆ ಮುಂದಿನ ಮಾತು ಬೇಗ ತಿಳಿಯುತ್ತದೆ. ಮುಖಕ್ಕೆ ಹಿತವಾಗಿ ಬಿಸಿ ತಾಕುತ್ತಿರುತ್ತದೆ. ಇದ್ದಕ್ಕಿದ್ದಂತೆ ಅದು ಕಮ್ಮಿಯಾಗುತ್ತದೆ. ಕಣ್ಣು ತೆರೆಯಬೇಕಿಲ್ಲ, ಒಲೆಗೂ ನಿಮಗೂ ನಡುವೆ ಯಾರೋ ಬಂದು ನಿಂತಿದ್ದಾರೆ. ಮಟಮಟ ಮಧ್ಯಾಹ್ನ ಸಹಾರಾದ ನೆಲ 50 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ. ಅದರ ಶಾಖ ಅವಗೆಂಪು ಕಿರಣಗಳಾಗಿ ಮೇಲಕ್ಕೆ ಹೊರಡುತ್ತದೆ. ನಡುವೆ ಮೂರು ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಧೂಳಿನ ಪದರವಿದ್ದರೆ ಅದು ಆ ಶಾಖದ ಒಂದಿಷ್ಟನ್ನು ನುಂಗಿ, ತಾನಿರುವ ಎತ್ತರದ ತಂಪಿಗೆ ತಕ್ಕಂತೆ ಕಡಿಮೆ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಉಪಗ್ರಹದ ಕಣ್ಣಿಗೆ ಆ ಜಾಗ ನಿನ್ನೆಗಿಂತ ತಣ್ಣಗಾದಂತೆ ಕಾಣುತ್ತದೆ. ಅಳೆಯುವುದು ಧೂಳನ್ನಲ್ಲ, ಬರಬೇಕಾಗಿದ್ದು ಬಾರದೆ ಹೋದ ಬಿಸಿಯನ್ನು.

ಆದರೆ ಮೋಡವೂ ಹೀಗೇ ಮಾಡುತ್ತದೆ, ನೀರಾವಿಯೂ ಮಾಡುತ್ತದೆ. ಬಂದು ನಿಂತವರು ಯಾರೆಂದು ಗುರುತಿಸುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ಹಾನೆಲ್ ಮಂಗಳನಲ್ಲಿ ಕಂಡ ಅದೇ ತಗ್ಗು. ಸಿಲಿಕಾನ್ ಮತ್ತು ಆಮ್ಲಜನಕದ ಬೆಸುಗೆ ಸುಮಾರು 9ರಿಂದ 10 ಮೈಕ್ರೊಮೀಟರಿನ ಅಲೆಗಳಿಗೆ ಮಿಡಿಯುತ್ತದೆ. ಆ ಅಲೆಗಳನ್ನು ಹೆಚ್ಚು ನುಂಗುತ್ತದೆ. ಅಲ್ಲಿಂದ ದೂರ ಸರಿದಷ್ಟೂ ಅದರ ಹಸಿವು ತಗ್ಗುತ್ತದೆ. ಹಾಗಾಗಿ 11 ಮೈಕ್ರೊಮೀಟರಿನಲ್ಲಿ ಧೂಳು ಹೆಚ್ಚು ದಟ್ಟ, 12ರಲ್ಲಿ ಕೊಂಚ ತೆಳು. ನೀರಾವಿ, ಮಂಜಿನ ಹರಳಿನ ಮೋಡಗಳಲ್ಲಿ ಇದು ಅಡಿಮೇಲು: 12ರಲ್ಲಿ ಹೆಚ್ಚು ನುಂಗುತ್ತವೆ, 11ರಲ್ಲಿ ಕಡಿಮೆ. ಇಷ್ಟೇ ಗುಟ್ಟು. ಎರಡು ಕಿಟಕಿಗಳಲ್ಲಿ ನೋಡಿ ಒಂದರಿಂದ ಇನ್ನೊಂದನ್ನು ಕಳೆದರೆ, ಬರುವ ಉತ್ತರದ ಚಿಹ್ನೆಯೇ ಆಸಾಮಿ ಯಾರೆಂದು ಹೇಳುತ್ತದೆ.

ಹೇಳುವುದು ಸುಲಭ. ಮಂಗಳನಿಗೆ ಹೋದ ಐರಿಸ್‌ನ ಅಣ್ಣನಂಥ ಉಪಕರಣವೊಂದು 1970ರ ಏಪ್ರಿಲಿನಲ್ಲಿ ನಿಂಬಸ್-4 ಉಪಗ್ರಹದ ಜೊತೆ ಭೂಮಿಯ ಸುತ್ತ ಹೋಗಿತ್ತು. ಅದು ತೆಗೆದ ಸಹಾರಾದ ಶಾಖರೇಖೆ ಇಂದಿಗೂ ಪಠ್ಯಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಅದರಲ್ಲೂ 8-9 ಮೈಕ್ರೊಮೀಟರಿನ ಹತ್ತಿರ ಒಂದು ತಗ್ಗು ಇದೆ. ಆದರೆ ಅದು ಗಾಳಿಯ ಧೂಳಿನದಲ್ಲ, ನೆಲದ ಮೇಲಿನ ಬೆಣಚುಕಲ್ಲಿನ ಮರಳಿನದು. ಕಳ್ಳನೂ ಮನೆಯವನೂ ಒಂದೇ ಅಂಗಿ ತೊಟ್ಟಂತಾಯಿತು. ನೆಲದ ಸಹಿ ಯಾವುದು, ಗಾಳಿಯ ಸಹಿ ಯಾವುದು ಎಂದು ಬಿಡಿಸುವ ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ ಎಂದೇ ನನ್ನ ಅನಿಸಿಕೆ.

ಎರಡು ಕಿಟಕಿಗಳ ಸಾಧನ ನಿಜವಾಗಿ ಹುಟ್ಟಿದ್ದು ಬೇರೆಯವರ ಅಗತ್ಯಕ್ಕೆ. ಸಮುದ್ರದ ಮೇಲ್ಮೈಯ ತಾಪಮಾನ ಅಳೆಯುವವರಿಗೆ ನಡುವಿನ ನೀರಾವಿ ಕಾಟ ಕೊಡುತ್ತಿತ್ತು. 11 ಮತ್ತು 12ರ ನಡುವಿನ ವ್ಯತ್ಯಾಸ ನೋಡಿ ನೀರಾವಿ ಎಷ್ಟು ತಿಂದಿದೆಯೆಂದು ಅಂದಾಜಿಸಿ ಅಷ್ಟನ್ನು ಕೂಡಿಸಬಹುದು ಎಂದು ಕಂಡುಕೊಂಡರು. 1981ರಲ್ಲಿ ಹಾರಿದ ನೋವಾ-7 ಉಪಗ್ರಹದಲ್ಲಿ ಈ ಎರಡು ಕಿಟಕಿಗಳಿದ್ದವು. ಆದರೆ ಸಹಾರಾ ಧೂಳು ಹಾಯುವ ಕಡಲಿನಲ್ಲಿ ಲೆಕ್ಕ ಎಡವಟ್ಟಾಗುತ್ತಿತ್ತು. ಧೂಳು ಶಾಖ ತಿಂದು ಸಮುದ್ರವನ್ನು ತಣ್ಣಗೆ ತೋರಿಸುತ್ತದೆ. ಅದನ್ನು ಸರಿಪಡಿಸಬೇಕಾದ ಸೂತ್ರ, ಧೂಳಿನ ಉಲ್ಟಾ ಚಿಹ್ನೆಯಿಂದಾಗಿ, ಕೂಡಿಸುವ ಬದಲು ಮತ್ತಷ್ಟು ಕಳೆಯುತ್ತದೆ. ಗಾಯದ ಮೇಲೆ ಬರೆ. ಎಷ್ಟೋ ವರ್ಷಗಳ ಮೇಲೆ, 2006ರಲ್ಲಿ, ಕ್ರಿಸ್ ಮರ್ಚಂಟ್ ಮತ್ತು ಸಂಗಡಿಗರು ಈ ತಪ್ಪನ್ನು ತಿದ್ದಲೆಂದೇ ರಾತ್ರಿಯ ಅವಗೆಂಪು ಚಿತ್ರಗಳಿಂದ ಒಂದು ಸಹಾರಾ ಧೂಳಿನ ಸೂಚ್ಯಂಕ ಕಟ್ಟಿದರು. ಕಸ ಗುಡಿಸಲು ಹೊರಟವರು ಕಸದ ನಕ್ಷೆ ಬರೆದಿದ್ದರು.

ನಡುವೆ ಒಂದು ವಿಮಾನದ ಕಥೆ ಬರುತ್ತದೆ. 1982ರ ಜೂನ್ 24ರ ರಾತ್ರಿ 263 ಜನರನ್ನು ಹೊತ್ತ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಕ್ವಾಲಾಲಂಪುರದಿಂದ ಪರ್ತ್ ಕಡೆಗೆ ಹೋಗುತ್ತಿತ್ತು. ಜಾವಾದ ಹತ್ತಿರ, ಸುಮಾರು 11 ಕಿಲೋಮೀಟರ್ ಎತ್ತರದಲ್ಲಿ, ನಾಲ್ಕಕ್ಕೆ ನಾಲ್ಕೂ ಎಂಜಿನ್ ನಿಂತುಹೋದವು. ಗಲುಂಗುಂಗ್ ಜ್ವಾಲಾಮುಖಿ ಉಗುಳಿದ ಬೂದಿಯೊಳಕ್ಕೆ ಅದು ನುಗ್ಗಿತ್ತು. ಒಣ ಬೂದಿ ವಿಮಾನದ ಮೋಡದ ರಾಡಾರಿಗೆ ಕಾಣಿಸಿರಲಿಲ್ಲ. ಕ್ಯಾಪ್ಟನ್ ಎರಿಕ್ ಮೂಡಿ ವಿಮಾನವನ್ನು ತೇಲಿಸುತ್ತ ಕೆಳಗಿಳಿಸಿದರು. ಬೂದಿಯಿಂದ ಹೊರಬಂದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು. ಬೂದಿ ಉಜ್ಜಿ ಮಸುಕಾದ ಗಾಜಿನ ಹಿಂದಿನಿಂದ ನೋಡುತ್ತ ಜಕಾರ್ತಾದಲ್ಲಿ ಇಳಿಸಿದರು. ಒಬ್ಬರ ಜೀವವೂ ಹೋಗಲಿಲ್ಲ.

ಬೂದಿಯೂ ಸಿಲಿಕೇಟೇ. ಆಸ್ಟ್ರೇಲಿಯಾದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿದ್ದ ಫ್ರೆಡ್ ಪ್ರಾಟಾ, ಸಮುದ್ರದವರಿಗೆಂದು ಹಾಕಿದ್ದ ಆ ಎರಡು ಕಿಟಕಿಗಳಲ್ಲಿ ಬೂದಿಯ ಮೋಡ ಮಾಮೂಲಿ ಮೋಡಕ್ಕೆ ಉಲ್ಟಾ ಕಾಣುತ್ತದೆ ಎಂದು 1989ರಲ್ಲಿ ತೋರಿಸಿದರು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್‌ನ ಸ್ಟೀವನ್ ಆಕರ್‌ಮನ್, 3.7 ಮತ್ತು 11 ಮೈಕ್ರೊಮೀಟರಿನ ತಾಪಮಾನಗಳ ವ್ಯತ್ಯಾಸದಿಂದ ಮರುಭೂಮಿಯ ಧೂಳನ್ನು ಬೆನ್ನಟ್ಟಬಹುದು ಎಂದು ಬರೆದರು. 1997ರ ಹೊತ್ತಿಗೆ ಅವರೇ 8, 11, 12 ಎಂದು ಮೂರು ಕಿಟಕಿಗಳನ್ನು ಸೇರಿಸಿದ ವಿಧಾನ ಮುಂದಿಟ್ಟರು. ಕಣ್ಣು ಕಾಣದ ಕಡೆ ಅವಗೆಂಪು ಕಾಣುತ್ತದೆ ಎಂಬುದು ಅಲ್ಲಿಗೆ ಶಾಸ್ತ್ರವಾಯಿತು.

ಆದರೆ ನನಗೆ ಇವರೆಲ್ಲರಿಗಿಂತ ಹೆಚ್ಚು ಹಿಡಿಸುವುದು ಫ್ರಾನ್ಸಿನ ಲಿಲ್ ವಿಶ್ವವಿದ್ಯಾಲಯದ ಮಿಶೆಲ್ ಲೆಗ್ರಾಂ. ಅವರ ಕೈಯಲ್ಲಿದ್ದುದು ಬಡವರ ಸಾಮಾನು. 1977ರಿಂದ ಆಫ್ರಿಕಾದ ನೆತ್ತಿಯ ಮೇಲೆ ನಿಂತಿದ್ದ ಮೆಟಿಯೊಸ್ಯಾಟ್ ಉಪಗ್ರಹ ಸರಣಿಗೆ ಈ ಭಾಗದಲ್ಲಿ ಒಂದೇ ಕಿಟಕಿ: 10.5ರಿಂದ 12.5 ಮೈಕ್ರೊಮೀಟರ್ ಎಲ್ಲ ಒಟ್ಟಿಗೆ. ಕಳೆಯಲು ಇನ್ನೊಂದು ಸಂಖ್ಯೆಯೇ ಇಲ್ಲ. ಲೆಗ್ರಾಂ ಎರಡನೆಯ ಕಿಟಕಿಯ ಬದಲು ನೆನಪನ್ನು ಬಳಸಿದರು. ಹದಿನೈದು ದಿನಗಳ ಮಧ್ಯಾಹ್ನದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಪ್ರತಿ ಚುಕ್ಕೆಗೂ ಆ ಅವಧಿಯಲ್ಲಿ ಸಿಕ್ಕ ಅತಿ ಹೆಚ್ಚು ಬಿಸಿಯನ್ನು ಆರಿಸಿಕೊಂಡರು. ಅದು ನಿರ್ಮಲ ದಿನದ ಸಹಾರಾ. ಆಮೇಲೆ ದಿನದ ಚಿತ್ರವನ್ನು ಅದರಿಂದ ಕಳೆಯುವುದು. ಮೋಡದ ಅಂಚುಗಳು ಒರಟು, ಧೂಳಿನ ಹೊದಿಕೆ ನುಣುಪು. ಆ ಗುರುತಿನಿಂದ ಮೋಡಗಳನ್ನು ತೆಗೆದುಹಾಕಿದರೆ ಉಳಿದ ಕೊರತೆ ಧೂಳಿನದು. ನೆಲದ ಬೆಣಚುಕಲ್ಲಿನ ರಗಳೆಯೂ ಇಲ್ಲ, ಏಕೆಂದರೆ ನೆಲ ನಿನ್ನೆಯೂ ಅದೇ, ಇವತ್ತೂ ಅದೇ. ಹೀಗೆ ಹಳೆಯ ಚಿತ್ರಗಳ ಕಂತೆಯಿಂದ, ಬರಗಾಲದ ಎಂಬತ್ತರ ದಶಕದ ಸಹಾರಾ ಮತ್ತು ಸಾಹೆಲ್‌ನ ಧೂಳಿನ ನಕ್ಷೆಗಳನ್ನು ಹಿಂದಿರುಗಿ ಬರೆಯುವುದು ಸಾಧ್ಯವಾಯಿತು.

ಈ ಬಡವರ ವಿಧಾನ ಬೆಂಗಳೂರಿಗೂ ಬಂತು. ಹಿಂದೂ ಮಹಾಸಾಗರದ ಮೇಲಿನ ಮಬ್ಬನ್ನು ಅಧ್ಯಯನ ಮಾಡುವ ಇಂಡೊಯೆಕ್ಸ್ ಪ್ರಯೋಗಕ್ಕಾಗಿ ಮೆಟಿಯೊಸ್ಯಾಟ್-5 ಉಪಗ್ರಹವನ್ನು 1998ರಲ್ಲಿ ಪೂರ್ವಕ್ಕೆ, 63 ಡಿಗ್ರಿ ರೇಖಾಂಶದ ಮೇಲಕ್ಕೆ ಸರಿಸಿದ್ದರು. ಅದರ ಆ ಒಂಟಿ ಕಿಟಕಿಯ ದತ್ತಾಂಶ ಹಿಡಿದು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ದೀಪಶಿಖಾ, ಎಸ್.ಕೆ. ಸತೀಶ್, ಜೆ. ಶ್ರೀನಿವಾಸನ್ 2006ರಲ್ಲಿ ಎರಡು ಭಾಗಗಳ ಪ್ರಬಂಧ ಪ್ರಕಟಿಸಿದರು. ಮೊದಲ ಭಾಗ ಭಾರತ ಮತ್ತು ಅಕ್ಕಪಕ್ಕದ ಸೀಮೆಗಳಲ್ಲಿ ಧೂಳು ಎಲ್ಲಿ ಏಳುತ್ತದೆ, ಹೇಗೆ ಹರಡಿದೆ ಎಂಬುದರ ನಕ್ಷೆ; ಎರಡನೆಯದು ಗಾಳಿಯ ವೇಗಕ್ಕೂ ಧೂಳಿಗೂ ಇರುವ ನಂಟು, ಮತ್ತು ಆ ಧೂಳು ವಾತಾವರಣದ ಶಾಖದ ಜಮಾಖರ್ಚನ್ನು ಎಷ್ಟು ಏರುಪೇರು ಮಾಡುತ್ತದೆ ಎಂಬ ಲೆಕ್ಕ. ಧೂಳೆಂದರೆ ರಸ್ತೆ ಅಗೆತ, ಮೆಟ್ರೊ ಕಾಮಗಾರಿ ಎಂದಷ್ಟೇ ತಿಳಿದಿರುವ ಊರಿನಲ್ಲಿ ಕುಳಿತು ಥಾರ್ ಮರುಭೂಮಿಯ ಧೂಳನ್ನು ತೂಗಿದ್ದು ಚೆನ್ನಾಗಿದೆ.

ನಮಗೆ ಆ ಲೆಕ್ಕದ ಉಸಾಬರಿ ಏಕೆ ಎಂದರೆ, ಮಳೆ. ಅರಬ್ಬಿ ಸಮುದ್ರ ಮತ್ತು ಪಶ್ಚಿಮ ಏಷ್ಯಾದ ಮೇಲೆ ತೇಲುವ ಧೂಳು ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಅದರಿಂದ ತೇವದ ಗಾಳಿಯ ಸೆಳೆತ ಹೆಚ್ಚಿ, ಒಂದು ವಾರದೊಳಗೇ ನಡು ಭಾರತದ ಮುಂಗಾರು ಚುರುಕಾಗುತ್ತದೆ ಎಂದು ವಿ. ವಿನೋಜ್ ಮತ್ತು ಜೊತೆಗಾರರು 2014ರಲ್ಲಿ ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ಅರಬಸ್ಥಾನದಲ್ಲಿ ಎದ್ದ ಧೂಳಿಗೂ ನಾಗಪುರದ ಕಡೆ ಬೀಳುವ ಮಳೆಗೂ ಎಂಟು ದಿನಗಳ ಅಂತರವೂ ಇಲ್ಲ. 2013ರ ಜುಲೈನಲ್ಲಿ ಹಾರಿದ ನಮ್ಮದೇ ಇನ್ಸಾಟ್-3ಡಿಗೆ 11 ಮತ್ತು 12ರ ಎರಡೂ ಕಿಟಕಿಗಳಿದ್ದವು. ಅದನ್ನು ಕಕ್ಷೆಯಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿಕೊಂಡದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಹಾಸನದಿಂದ ಹೋದ ಆದೇಶದಂತೆ ನಿಂತು, ಮರುಭೂಮಿಯಿಂದ ಬಾರದ ಬಿಸಿಯನ್ನು ಎಣಿಸುವುದು ಎಂದರೆ ನನಗೆ ಈಗಲೂ ಸೋಜಿಗ.

2002ರ ಆಗಸ್ಟಿನಲ್ಲಿ ಯುರೋಪು ತನ್ನ ಎರಡನೆಯ ತಲೆಮಾರಿನ ಮೊದಲ ಮೆಟಿಯೊಸ್ಯಾಟ್ ಅನ್ನು ಹಾರಿಸಿತು. ಒಂಟಿ ಕಿಟಕಿಯ ಕಾಲ ಮುಗಿದು 8.7, 10.8, 12 ಎಂದು ಮೂರು ಬಂದವು. ಹದಿನೈದು ನಿಮಿಷಕ್ಕೊಂದು ಚಿತ್ರ, ಹಗಲೂ ರಾತ್ರಿಯೂ. ಈ ಮೂರನ್ನು ಹೇಗೆ ಒಂದೇ ಚಿತ್ರವಾಗಿ ನೋಡುವುದು? 12ರಿಂದ 10.8ನ್ನು ಕಳೆದದ್ದನ್ನು ಕೆಂಪಿಗೆ, 10.8ರಿಂದ 8.7ನ್ನು ಕಳೆದದ್ದನ್ನು ಹಸಿರಿಗೆ, ಬರೀ 10.8ರ ತಾಪಮಾನವನ್ನು ನೀಲಿಗೆ ಹಚ್ಚಿದರು. ಧೂಳಿನಲ್ಲಿ ಮೊದಲನೆಯದು ಹೆಚ್ಚು, ನಡುವಿನದು ಕಡಿಮೆ, ಬಿಸಿ ನೆಲದ ಮೇಲೆ ಕೊನೆಯದೂ ಹೆಚ್ಚು. ಕೆಂಪೂ ನೀಲಿಯೂ ಸೇರಿದರೆ ಗುಲಾಬಿ. ಆ ಬಣ್ಣಕ್ಕೆ ಬೇರೆ ಯಾವ ಅರ್ಥವೂ ಇಲ್ಲ. ಆದರೆ ಹವಾಮಾನ ಕಚೇರಿಗಳಲ್ಲಿ ಕುಳಿತವರ ಕಣ್ಣಿಗೆ ಧೂಳು ಎಂದರೆ ಅಂದಿನಿಂದ ಗುಲಾಬಿಯೇ. 2016ರಲ್ಲಿ ಆ ಉಪಗ್ರಹವನ್ನು ಹಿಂದೂ ಮಹಾಸಾಗರದ ಕಡೆಗೆ ಸರಿಸಿದ ಮೇಲೆ ಅರಬಸ್ಥಾನದ ಧೂಳೂ ಹಾಗೆಯೇ ಕಾಣತೊಡಗಿತು.

ಹದಿನೈದು ನಿಮಿಷಕ್ಕೊಂದು ಎಂದರೆ ವರ್ಷಕ್ಕೆ 35,040 ಚಿತ್ರ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕರ್ಸ್ಟಿನ್ ಶೆಪಾನ್ಸ್ಕಿ ಮತ್ತು ಸಂಗಡಿಗರು ಈ ರಾಶಿಯನ್ನು ಕಣ್ಣಿಂದಲೇ ನೋಡುತ್ತ ಹೋದರು. ಪ್ರತಿ ಗುಲಾಬಿ ಮೋಡ ಸಿಕ್ಕಾಗ ಚಿತ್ರಗಳನ್ನು ಹಿಂದಕ್ಕೆ ಓಡಿಸಿ ಅದು ಯಾವ ಚೌಕದಲ್ಲಿ, ಎಷ್ಟು ಗಂಟೆಗೆ ಮೊಳೆಯಿತೆಂದು ಗುರುತು ಹಾಕಿದರು. ಯಂತ್ರಕ್ಕೆ ಬಿಡದೆ ಹೀಗೆ ಮಾಡಿದ್ದಕ್ಕೆ ಫಲ ಸಿಕ್ಕಿತು. ಸಹಾರಾದ ಧೂಳಿನ ನೆಲೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಎಚ್ಚರಗೊಳ್ಳುವುದು ಬೆಳಗಿನ ಆರರಿಂದ ಒಂಬತ್ತರೊಳಗೆ, ಗ್ರಿನಿಚ್ ಸಮಯದಂತೆ. ರಾತ್ರಿ ನೆಲ ತಣ್ಣಗಾಗಿ ಗಾಳಿ ನಿಂತಂತೆ ತೋರುತ್ತದೆ. ಆದರೆ ನೆಲಕ್ಕೆ ತಾಕದೆ ಕೆಲವು ನೂರು ಮೀಟರ್ ಮೇಲೆ ರಭಸದ ಒಂದು ಗಾಳಿಹೊಳೆ ಹರಿಯುತ್ತಿರುತ್ತದೆ. ಸೂರ್ಯ ಹುಟ್ಟಿ ನೆಲ ಕಾದು ಗಾಳಿ ಕಲಕಿದಾಗ ಆ ರಭಸ ಕೆಳಕ್ಕೆ ಇಳಿದು ಮಣ್ಣನ್ನು ಎತ್ತುತ್ತದೆ.

ಅದಕ್ಕೆ ಮೊದಲಿನ ಹೆಸರಾಂತ ನಕ್ಷೆಗಳು ನೇರಳಾತೀತ ಕಿರಣ ನೋಡುವ, ದಿನಕ್ಕೊಮ್ಮೆ ಮಧ್ಯಾಹ್ನದ ಹೊತ್ತಿಗೆ ಹಾಯುವ ಉಪಗ್ರಹದವು. ಅಷ್ಟು ಹೊತ್ತಿಗೆ ಬೆಳಗ್ಗೆ ಎದ್ದ ಧೂಳು ಗಾಳಿಯ ಜೊತೆ ಎಷ್ಟೋ ದೂರ ಹೋಗಿರುತ್ತದೆ. ಬಸ್ಸು ಹೊರಟ ಊರನ್ನು ಕೇಳಿದರೆ ಅದು ಊಟಕ್ಕೆ ನಿಂತ ಊರನ್ನು ಹೇಳಿದ ಹಾಗೆ.

ಎಲ್ಲ ನಕ್ಷೆಗಳೂ ಒಪ್ಪಿದ ಒಂದು ಜಾಗ ಮಾತ್ರ ಇತ್ತು: ಚಾಡ್‌ನ ಬೊಡೆಲೆ ತಗ್ಗು. ತಿಬೆಸ್ತಿ ಮತ್ತು ಎನ್ನೆಡಿ ಬೆಟ್ಟಗಳ ನಡುವಿನ ಸಂದಿಯಲ್ಲಿ ಗಾಳಿ ಇರುಕಿಕೊಂಡು ರಭಸ ಪಡೆದು ಈ ತಗ್ಗಿಗೆ ಬಂದು ಅಪ್ಪಳಿಸುತ್ತದೆ. 2005ರ ಫೆಬ್ರವರಿ-ಮಾರ್ಚ್‌ನಲ್ಲಿ ರಿಚರ್ಡ್ ವಾಷಿಂಗ್ಟನ್, ಮಾರ್ಟಿನ್ ಟಾಡ್ ಮುಂತಾದವರು ಅಲ್ಲಿಗೇ ಹೋಗಿ ಗುಡಾರ ಹೂಡಿ ಗಾಳಿ ಅಳೆದರು. ಆ ನೆಲದ ತುಂಬ ಹರಡಿರುವುದು ಬೆಳ್ಳನೆಯ, ಪುಡಿಪುಡಿಯಾಗುವ ಡಯಾಟಮೈಟ್. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಸಮುದ್ರದಂಥ ಒಂದು ಸಿಹಿನೀರ ಕೆರೆ ಇತ್ತು. ಅದು ಬತ್ತಿದಾಗ ಅದರ ಸೂಕ್ಷ್ಮಜೀವಿಗಳ ಸಿಲಿಕಾ ಚಿಪ್ಪುಗಳು ತಳದಲ್ಲಿ ಉಳಿದವು. ಎಹ್ರೆನ್‌ಬರ್ಗ್ ಎಣಿಸಿದ ಸಿಹಿನೀರಿನ ಜೀವರೂಪಗಳಿಗೆ ಕೆರೆ ಎಲ್ಲಿಂದ ಬಂತು ಎಂಬುದಕ್ಕೆ ಇಂಥ ಬತ್ತಿದ ಕೆರೆಗಳೇ ಉತ್ತರ. ಡಾರ್ವಿನ್ ಧೂಳು ಹಿಡಿದ ಜನವರಿ, ಬೊಡೆಲೆ ಜೋರಾಗಿ ಉಸಿರುಬಿಡುವ ಕಾಲವೂ ಹೌದು. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದ ಎಹ್ರೆನ್‌ಬರ್ಗ್‌ನ ಸಂಗ್ರಹದಿಂದ ಡಾರ್ವಿನ್ ಕಾಲದ ಆ ಧೂಳನ್ನು ತೆಗೆದು ನೋಡಿದಾಗ, ಅದರಲ್ಲಿ ಇನ್ನೂ ಮೊಳೆಯಬಲ್ಲ ಸೂಕ್ಷ್ಮಜೀವಿಗಳಿದ್ದವು ಎಂಬ ವರದಿ 2007ರಲ್ಲಿ ಬಂತು. ಆಫ್ರಿಕಾದ ಪಶ್ಚಿಮ ಅಂಚಿನಿಂದ ವರ್ಷಕ್ಕೆ ಸುಮಾರು 18.2 ಕೋಟಿ ಟನ್ ಧೂಳು ಹೊರಟು, ಅದರಲ್ಲಿ 2.77 ಕೋಟಿ ಟನ್ ಅಮೆಜಾನ್ ಕಾಡಿನ ಮೇಲೆ ಉದುರುತ್ತದೆ, ಜೊತೆಗೆ 22,000 ಟನ್ ರಂಜಕವೂ ಗೊಬ್ಬರವಾಗಿ ಬೀಳುತ್ತದೆ ಎಂಬ ಅಂದಾಜು 2015ರದು. ಅದನ್ನು ಹೇಳಿದ್ದು ಅವಗೆಂಪು ಅಲ್ಲ, ಲೇಸರ್ ಬಿಟ್ಟು ಧೂಳಿನ ಎತ್ತರ ಅಳೆಯುತ್ತಿದ್ದ ಕ್ಯಾಲಿಪ್ಸೊ ಉಪಗ್ರಹ.

ಎತ್ತರದ ಮಾತು ಬಂತು. ಧೂಳು ಎಷ್ಟು ಮೇಲಿದೆ ಎಂದು ಗೊತ್ತಿಲ್ಲದೆ ಬಾರದ ಬಿಸಿಯಿಂದ ಧೂಳಿನ ಮೊತ್ತ ತೆಗೆಯಲಾಗದು. ಎತ್ತರದ ತೆಳು ಧೂಳೂ ತಗ್ಗಿನ ದಟ್ಟ ಧೂಳೂ ಒಂದೇ ಕೊರತೆ ತೋರಬಹುದು. 2002ರ ಏರ್ಸ್, 2006ರ ಇಯಾಸಿ ಎಂಬ ಉಪಕರಣಗಳು ಈ ಗಂಟನ್ನು ಸಡಿಲಿಸಿದವು. ಎರಡು ಮೂರು ಕಿಟಕಿಗಳ ಬದಲು ಏರ್ಸ್‌ಗೆ 2,378, ಇಯಾಸಿಗೆ 8,461. ಹಾನೆಲ್‌ನ ಐರಿಸ್‌ನ ವಂಶವೇ, ಮೂರು ದಶಕ ತಡವಾಗಿ ಮನೆಗೆ ಮರಳಿದ್ದು. ಇಷ್ಟು ಸೂಕ್ಷ್ಮವಾಗಿ ಓದಿದರೆ ಧೂಳಿನ ತಗ್ಗಿನ ಆಕಾರದಿಂದಲೇ ಅದರ ಮೊತ್ತ ಮತ್ತು ಎತ್ತರ ಎರಡನ್ನೂ ಬೇರ್ಪಡಿಸಬಹುದು. ಬೆಲ್ಜಿಯಂ, ಜರ್ಮನಿ, ಫ್ರಾನ್ಸ್‌ಗಳಲ್ಲಿ ಒಂದೊಂದು ಗುಂಪು ಒಂದೊಂದು ಲೆಕ್ಕದ ದಾರಿ ಹಿಡಿದಿದೆ. ಎಲ್ಲರ ಉತ್ತರ ಒಂದೇ ಅಲ್ಲ.

ಗುಲಾಬಿ ಬಣ್ಣದ ಮೇಲಿನ ಭರವಸೆಗೂ ಪೆಟ್ಟು ಬಿತ್ತು. 2011ರ ಜೂನ್‌ನಲ್ಲಿ ಫೆನೆಕ್ ಎಂಬ ಪ್ರಯೋಗಕ್ಕಾಗಿ ವಿಜ್ಞಾನಿಗಳು ಸಹಾರಾದ ನಡುವಿಗೇ ಹೋದರು. ಒಂದು ನೆಲೆ ಅಲ್ಜೀರಿಯಾದ ದಕ್ಷಿಣ ಅಂಚಿನ ಬೋರ್ಜ್ ಬಾಜಿ ಮೊಖ್ತಾರ್, ಮಾಲಿ ಗಡಿಯ ಊರು. ಅದರ ಮರುವರ್ಷ ಲಂಡನ್ನಿನ ಹೆಲೆನ್ ಬ್ರಿಂಡ್ಲಿ ಮತ್ತು ಸಂಗಡಿಗರು ಗುಲಾಬಿ ಬಣ್ಣವನ್ನೇ ಒರೆಗೆ ಹಚ್ಚಿದರು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರಾವಿಯ ಚಿಹ್ನೆ ಧೂಳಿನ ಚಿಹ್ನೆಯನ್ನು ತಿಂದುಹಾಕುತ್ತದೆ, ಧೂಳು ನೆಲಕ್ಕೆ ಹತ್ತಿರವಿದ್ದರೆ ಬಣ್ಣ ಏರುವುದೇ ಇಲ್ಲ ಎಂದು ಕಂಡಿತು. ಗುಲಾಬಿ ಕಡು ಇದೆ ಎಂದರೆ ಧೂಳು ದಟ್ಟ ಎಂದಲ್ಲ. ಗುಲಾಬಿ ಇಲ್ಲ ಎಂದರೆ ಧೂಳಿಲ್ಲ ಎಂದೂ ಅಲ್ಲ.

ಬೋರ್ಜ್ ಬಾಜಿ ಮೊಖ್ತಾರ್‌ನಲ್ಲಿ ಬೇಸಿಗೆಯ ಧೂಳಿನ ದೊಡ್ಡ ಪಾಲು ತರುವುದು ಹಬೂಬ್. ಗುಡುಗುಮಳೆಯ ಮೋಡದಿಂದ ತಣ್ಣನೆಯ ಗಾಳಿ ಕೆಳಕ್ಕೆ ಸುರಿದು, ನೆಲದುದ್ದಕ್ಕೂ ಹರಡುತ್ತ, ಧೂಳಿನ ಗೋಡೆಯನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಬರುವುದು ಹೆಚ್ಚಾಗಿ ರಾತ್ರಿ, ತನ್ನನ್ನು ಹೆತ್ತ ಮೋಡದ ಕೆಳಗೇ. ನೆಲದ ಮೇಲಿನ ಉಪಕರಣಗಳಿಗೆ ಅಂಥ ಹೊತ್ತಿನಲ್ಲಿ ಮರಳಿನ ಕಣಗಳು ಬಡಿಯುತ್ತಿರುತ್ತವೆ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿನಿಂದ ಹದಿನೈದು ನಿಮಿಷಕ್ಕೊಮ್ಮೆ ಇಳಿದು ಬರುವ ಚಿತ್ರದಲ್ಲಿ ಮಾತ್ರ ಮೋಡದ ತಣ್ಣನೆಯ ನೆತ್ತಿ, ಕಡುಗೆಂಪು, ಅಷ್ಟೆ.